ನಿಮ್ಮ 31 ಚೌಕಟ್ಟುಗಳು

ನಮಸ್ಕಾರ.

‘ಚೌಕಟ್ಟು’ (ಇಂಗ್ಲಿಷಿನ ಫ್ರೇಮ್) ಎಂಬ ಒಂದು ಪದ ಬೇರೆ ಬೇರೆ ಶಾಸ್ತ್ರಗಳಲ್ಲಿ ಹೇಗೆ ಬಳಕೆಯಾಗಿದೆ ಎಂಬ ನಿಮ್ಮ ಲೇಖನ ಓದಿದೆ. ಚೆನ್ನಾಗಿ ಓದಿಕೊಂಡಿದ್ದೀರಿ, ಭಾಷೆಯೂ ತಿಳಿಯಾಗಿದೆ. ಆದರೆ ಎರಡು ಕಡೆ ಕಿರಿಕಿರಿಯಾಯಿತು. ಅಷ್ಟನ್ನೇ ಹೇಳುತ್ತೇನೆ.

ಮೊದಲ ಸಾಲಿನಲ್ಲಿ ಚೌಕಟ್ಟು ‘ಜಗತ್ತನ್ನು ನೋಡುವ ಕಿಟಕಿ’. ಮುಂದಿನ ಪ್ಯಾರಾದಲ್ಲಿ ಅದೇ ಕನ್ನಡಕ. ಆಮೇಲೆ ಅಚ್ಚು. ಯಾವುದಾದರೂ ಒಂದು ಅನ್ನಿ! ಅರ್ಥವೂ ಎಲ್ಲ ಕಡೆ ಒಂದೇ ಅಲ್ಲ. ಮಾನವಶಾಸ್ತ್ರಜ್ಞ ಬೇಟ್ಸನ್ 1955ರಲ್ಲಿ ಬರೆದದ್ದು ಮೃಗಾಲಯದಲ್ಲಿ ಆಡುತ್ತಿದ್ದ ಕೋತಿಗಳ ಬಗ್ಗೆ. ಒಂದು ಮೆಲ್ಲಗೆ ಕಚ್ಚುತ್ತದೆ, ಇನ್ನೊಂದಕ್ಕೆ ಸಿಟ್ಟು ಬರುವುದಿಲ್ಲ. ‘ಇದು ಆಟ’ ಅಂತ ಎರಡಕ್ಕೂ ಗೊತ್ತು. ಆ ತಿಳಿವಳಿಕೆಯೇ ಅಲ್ಲಿ ಚೌಕಟ್ಟು. ಕೃತಕ ಬುದ್ಧಿಮತ್ತೆಯ ವಿಜ್ಞಾನಿ ಮಿನ್ಸ್ಕಿ 1974ರಲ್ಲಿ ಹೇಳಿದ್ದು ಕಂಪ್ಯೂಟರಿಗೆ ಬೇಕಾದ, ಖಾನೆಗಳಿರುವ ಫಾರಂನಂಥದ್ದು. ಕೋಣೆ ಅಂದ ಮೇಲೆ ಗೋಡೆ, ಬಾಗಿಲು ಇದ್ದೇ ಇರುತ್ತವೆ ಅಂತ ಮೊದಲೇ ತುಂಬಿಟ್ಟಿರುತ್ತದೆ. ಮಿನ್ಸ್ಕಿ ಪಕ್ಕದಲ್ಲಿ ಫಿಲ್‌ಮೋರ್‌ ಅವರನ್ನು ಕೂರಿಸಿದ್ದರೆ ಒಪ್ಪುತ್ತಿದ್ದೆ. ‘ಮಾರು’ ಅಂದ ಕೂಡಲೇ ಕೊಳ್ಳುವವರು, ಸರಕು, ದುಡ್ಡು ತಲೆಗೆ ಬರುತ್ತವೆ ಅಂದ ಭಾಷಾಶಾಸ್ತ್ರಜ್ಞರು ಅವರು. ನೀವು ಕೋತಿಗಳನ್ನೂ ಸೇರಿಸಿ ‘ಹೀಗೆ ಎಲ್ಲ ಶಾಸ್ತ್ರಗಳೂ ಒಂದೇ ಮಾತನ್ನು ಹೇಳುತ್ತವೆ’ ಎಂದು ಗಂಟು ಕಟ್ಟಿದ್ದೀರಿ. ಅವು ಹಾಗೆ ಹೇಳುವುದಿಲ್ಲ. ಆ ಸಾಲು ಹೊಡೆದುಹಾಕಿದ್ದೇನೆ.

ಎರಡನೆಯದಕ್ಕೆ ಸಿಟ್ಟೇ ಬಂತು. ‘ಜನ ಮಾತಿನ ಮೋಡಿಗೆ ಮರುಳಾಗುತ್ತಾರೆ ಎಂದು 1981ರಲ್ಲಿ ಟ್ವೆರ್ಸ್ಕಿ, ಕಾನೆಮನ್ ತೋರಿಸಿದರು.’ ಇಷ್ಟೇನಾ? ಆ ಇಬ್ಬರು ಮನಶ್ಶಾಸ್ತ್ರಜ್ಞರು ಜನರ ಮುಂದಿಟ್ಟ ಪ್ರಶ್ನೆ ಇದು: 600 ಜನರನ್ನು ಕೊಲ್ಲಬಹುದಾದ ರೋಗ. ಒಂದು ದಾರಿ ಹಿಡಿದರೆ 200 ಜನ ಖಂಡಿತ ಉಳಿಯುತ್ತಾರೆ. ಇನ್ನೊಂದು ಜೂಜು: ಎಲ್ಲರೂ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು, ಯಾರೂ ಉಳಿಯದಿರುವ ಸಾಧ್ಯತೆ ಮೂರರಲ್ಲಿ ಎರಡು. ನೂರಕ್ಕೆ 72 ಜನ ಮೊದಲನೆಯದನ್ನು ಆರಿಸಿದರು. ಇನ್ನೊಂದು ಗುಂಪಿಗೆ ಅದನ್ನೇ ‘400 ಜನ ಸಾಯುತ್ತಾರೆ’ ಎಂದು ತಿರುಗಿಸಿ ಕೇಳಿದರು. ಈಗ ನೂರಕ್ಕೆ 78 ಜನ ಜೂಜಿನ ಕಡೆ. 200 ಉಳಿದರೆ 400 ಹೋದಂತೆಯೇ ಅಲ್ವಾ? ಓದುಗರು ಬೆರಳು ಮಡಚಿ ಲೆಕ್ಕ ಹಾಕಬೇಕು, ‘ಅಯ್ಯೋ, ನಾನೂ ಹಾಗೇ ಆರಿಸ್ತಿದ್ದೆ’ ಎಂದು ಪೆಚ್ಚಾಗಬೇಕು. ಆ ಅವಕಾಶವನ್ನೇ ನೀವು ಕೊಡಲಿಲ್ಲ. ಅಲ್ಲಿ ಮೋಡಿಯೂ ಇಲ್ಲ, ಸಪ್ಪೆ ಪ್ರಶ್ನೆ. ಲಾಭ ಅಂತ ಕಂಡರೆ ಖಾತ್ರಿ ಬೇಕು, ನಷ್ಟ ಅಂತ ಕಂಡರೆ ಜೂಜಿಗೆ ಇಳಿಯುತ್ತೇವೆ. ವಿಷಯ ಇರುವುದು ಅಲ್ಲಿ.

ಕೆಲಸ ಕಲಿಯುವಾಗ ನಾನೊಂದು ಬರಹದಲ್ಲಿ ‘ಸಂದರ್ಭ’ ಎಂಬ ಪದವನ್ನು 14 ಸಲ ಬಳಸಿದ್ದೆ. ನಮ್ಮ ಸಂಪಾದಕರು ಬೈಯಲಿಲ್ಲ. ಪ್ರತಿಯೊಂದರ ಮೇಲೂ ನಂಬರ್ ಹಾಕಿ, ‘ಇದರಲ್ಲಿ ಎಷ್ಟು ಒಂದೇ, ನೋಡ್ಕೊಂಡು ಬಾ’ ಅಂದರು. ರಾತ್ರಿ ಕೂತು ನೋಡಿದೆ. ಐದು ಬೇರೆ ಬೇರೆ ಅರ್ಥ ಸಿಕ್ಕವು. ಮೂರು ಕಡೆ ಅರ್ಥವೇ ಇರಲಿಲ್ಲ, ಸುಮ್ನೆ ಕೂತಿತ್ತು.

ನಿಮ್ಮ ಪ್ರತಿಯಲ್ಲೂ ‘ಚೌಕಟ್ಟು’ ಬಂದ ಕಡೆಯೆಲ್ಲ ನಂಬರ್ ಹಾಕಿದ್ದೇನೆ. ಒಟ್ಟು 31. ಸಮಾಜಶಾಸ್ತ್ರಜ್ಞ ಗಾಫ್‌ಮನ್ ಭಾಗ ಮುಟ್ಟಿಲ್ಲ, ಹಾಗೇ ಇರಲಿ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.