ಬ್ಯಾಟರಿಯೇ ಇಲ್ಲದೆ ಸೈನಿಕರು ಬ್ಲೇಡಿನಿಂದ ರೇಡಿಯೊ ಮಾಡಿಕೊಂಡದ್ದು ಹೇಗೆ?

1944ರಲ್ಲಿ ಇಟಲಿಯ ಆಂಜಿಯೊ ತೀರದ ಕಂದಕಗಳಲ್ಲಿ ಸಿಕ್ಕಿಕೊಂಡಿದ್ದ ಅಮೆರಿಕನ್ ಸೈನಿಕರು ಮಾಡಿಕೊಂಡ ಈ ರೇಡಿಯೊಗಳಲ್ಲಿ, ಆಂಟೆನಾ ತಂತಿಯು ಪ್ರಸಾರದ ಅಲೆಗಳಿಂದ ಹೀರಿಕೊಂಡ ಅತ್ಯಲ್ಪ ಶಕ್ತಿಯೇ ಹೆಡ್‌ಫೋನನ್ನು ನುಡಿಸುತ್ತಿತ್ತು. ಬೇಕಾದ ರೇಡಿಯೊ ಕೇಂದ್ರಕ್ಕೆ ಶ್ರುತಿಗೊಳಿಸಲು ಕೈಯಲ್ಲೇ ಸುತ್ತಿದ ತಂತಿಯ ಸುರುಳಿ ಸಾಕಾಗುತ್ತಿತ್ತು. ನಿಜವಾದ ಜಾಣ್ಮೆ ಇರುವುದು ಬ್ಲೇಡಿನಲ್ಲಿ. ನೀಲಿಗಟ್ಟಿದ ಕ್ಷೌರದ ಬ್ಲೇಡಿನ ಮೇಲಿನ ಆಕ್ಸೈಡ್ ಪದರಕ್ಕೆ, ಸೇಫ್ಟಿ ಪಿನ್ನಿಗೆ ಸಿಕ್ಕಿಸಿದ ಪೆನ್ಸಿಲ್ ಕಡ್ಡಿಯ ಮೊನೆಯನ್ನು ಹಗುರವಾಗಿ ತಾಗಿಸಿದರೆ, ಆ ಸಂಧಿಯು ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹೆಚ್ಚು ಸರಾಗವಾಗಿ ಹರಿಯಗೊಟ್ಟು, ಅಲೆಯಲ್ಲಿ ಅಡಗಿದ ಧ್ವನಿಯನ್ನು ಬೇರ್ಪಡಿಸುತ್ತದೆ. ಸರಿಯಾದ ಬಿಂದು ಸಿಗುವವರೆಗೂ ಮೊನೆಯನ್ನು ಕೂದಲೆಳೆಯಷ್ಟು ಸರಿಸುತ್ತ ಹುಡುಕಬೇಕಿತ್ತು. ಇದಕ್ಕೆ ತಾಳ್ಮೆ ಬೇಕು, ಕಂದಕದಲ್ಲಿ ಬಿಡುವಿಗೇನೂ ಕೊರತೆಯಿರಲಿಲ್ಲವೆನ್ನಿ. ಇಷ್ಟಾದರೂ ಪ್ರಬಲವಾದ ಮೀಡಿಯಂ ವೇವ್ ಕೇಂದ್ರಗಳಷ್ಟೇ ಕೇಳಿಸುತ್ತಿದ್ದವು, ಅದೂ ಕ್ಷೀಣವಾಗಿ.