ಓದುಗರ ಪ್ರಶ್ನೆ: ಮನೆಬಿಯರ್ ಸಾಮಗ್ರಿಯ ಅಂಗಡಿ

ಪ್ರಶ್ನೆ: ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗೆ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ), ಹಾಪ್ಸ್ (ಕಹಿಗೆ ಹಾಕುವ ಹೂ), ಯೀಸ್ಟ್, ಸಲಕರಣೆ ಮಾರುವ ಅಂಗಡಿಯೊಂದನ್ನು ಮನೆಯವರೇ ಸೇರಿ ತೆರೆಯುವ ಯೋಚನೆಯಿದೆ. ನಮ್ಮ ಯಜಮಾನರು ಡೇರಿಯ ಲ್ಯಾಬಿನಲ್ಲಿ ಇದ್ದವರು, ಮೈದುನನಿಗೆ ಯಂತ್ರ ರಿಪೇರಿ ಬರುತ್ತದೆ, ನಾನು ಲೆಕ್ಕಪತ್ರ ನೋಡುತ್ತೇನೆ. ಬಿಯರ್ ಕಾರ್ಖಾನೆಯ ಅನುಭವ ಯಾರಿಗೂ ಇಲ್ಲ. ಇಷ್ಟು ಸಾಕೇ?

ಉತ್ತರ: ಮನೆಯಲ್ಲಿ ಬಿಯರ್ ಮಾಡಲು ನಿಮ್ಮಲ್ಲಿ ಕಾನೂನಿನ ಅನುಮತಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ, ಇಷ್ಟು ಧಾರಾಳವಾಗಿ ಸಾಕು. ಸಿಯೆರಾ ನೆವಾಡಾ ಬ್ರೂವರಿ ಕಟ್ಟಿದ ಕೆನ್ ಗ್ರಾಸ್‌ಮನ್ ರಸಾಯನಶಾಸ್ತ್ರ ಓದಿ, ಸೈಕಲ್ ರಿಪೇರಿ ಮಾಡಿಕೊಂಡಿದ್ದವರು; 1976ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋದಲ್ಲಿ ಅವರು ಮೊದಲು ತೆರೆದದ್ದು ಇಂಥದ್ದೇ ಅಂಗಡಿ. ಪಾತ್ರೆ, ಕೊಳವೆ, ಬಾಟಲಿಗಳನ್ನು ಯಾರು ಬೇಕಾದರೂ ಮಾರಬಹುದು. ಅಂಗಡಿಯ ಹೆಸರು ಉಳಿಯುವುದೂ ಕೆಡುವುದೂ ಹಾಳಾಗುವ ಸರಕಿನಲ್ಲಿ.

ಯೀಸ್ಟನ್ನು ಲ್ಯಾಬಿನವರಿಗೇ ವಹಿಸಿ. ಒಣ ಯೀಸ್ಟು, ದ್ರವ ಯೀಸ್ಟು ಎರಡೂ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಫ್ರಿಜ್ಜಿನಲ್ಲಿರಲಿ. 11.5 ಗ್ರಾಮಿನ ಒಣ ಪೊಟ್ಟಣ ಸಾಧಾರಣ ಗಾಢತೆಯ 20 ಲೀಟರ್ ಏಲ್‌ಗೆ (ತುಸು ಬೆಚ್ಚಗೆ ಹುದುಗಿಸುವ ಬಗೆಯ ಬಿಯರ್) ಸಾಕಾಗುತ್ತದೆ. ದ್ರವ ಯೀಸ್ಟಿನಲ್ಲಿ ಫ್ರಿಜ್ಜಿನಲ್ಲಿದ್ದರೂ ತಿಂಗಳಿಗೆ ಸುಮಾರು ಐದನೇ ಒಂದು ಪಾಲು ಜೀವಕೋಶ ಸಾಯುತ್ತವೆ ಎಂದು ಲೆಕ್ಕ ಹಿಡಿಯಿರಿ. ಮೂರು ತಿಂಗಳಿಗೆ ಉಳಿಯುವುದು ಅರ್ಧ. ಅಂಥ ಪೊಟ್ಟಣ ಕೊಡುವಾಗ, 1 ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಸತ್ವ ಹಾಕಿ ಹತ್ತು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿ ಯೀಸ್ಟನ್ನು ಮೊದಲು ಬೆಳೆಸಿಕೊಳ್ಳಲು ಹೇಳಿ. ಹಾಪ್ಸ್ ಮಾತ್ರ ಗಾಳಿ ತೆಗೆದ ಫಾಯಿಲ್ ಚೀಲದಲ್ಲಿ ಫ್ರೀಜರಿಗೆ ಹೋಗಬೇಕು. ಗಾಳಿ ಹೊಕ್ಕರೆ ಹಳೆ ಚೀಸಿನ ವಾಸನೆ ಬರುತ್ತದೆ. ಇವೆರಡನ್ನು ಅದಲುಬದಲು ಮಾಡಿ ದ್ರವ ಯೀಸ್ಟನ್ನು ಹೆಪ್ಪುಗಟ್ಟಿಸಿದರೆ ಕೋಶಗಳು ಒಡೆದು ಸಾಯುತ್ತವೆ.

ಮಾಲ್ಟ್ ಬೀಸುವ ಗಿರಣಿ ಮೈದುನನ ಪಾಲಿಗೆ. ಬಾರ್ಲಿ ಮಾಲ್ಟಿಗೆ ಉರುಳೆಗಳ ನಡುವೆ 1 ಮಿಲಿಮೀಟರ್ ಅಂತರದಿಂದ ಶುರುಮಾಡಿ, ಫೀಲರ್ ಗೇಜ್ (ಸಂದಿಯ ಅಳತೆ ನೋಡುವ ತೆಳು ಲೋಹದ ಪಟ್ಟಿ) ಹಾಕಿ ಎರಡೂ ತುದಿಯಲ್ಲಿ ಅಳೆಯಲಿ. ಒಂದು ಹಿಡಿ ಬೀಸಿ ಬಿಳಿ ತಟ್ಟೆಯಲ್ಲಿ ಹರಡಿ ನೋಡಿ: ಸಿಪ್ಪೆ ಬಹುಪಾಲು ಇಡಿಯಾಗಿರಬೇಕು, ಒಳಗಿನ ಕಾಳು ನುಚ್ಚಾಗಿರಬೇಕು. ಸಿಪ್ಪೆಯೂ ಪುಡಿಯಾದರೆ ಸೋಸುವಾಗ ಕಟ್ಟಿಕೊಳ್ಳುತ್ತದೆ, ಯಾಕೆಂದರೆ ಜರಡಿಯ ಕೆಲಸ ಮಾಡುವುದೇ ಆ ಸಿಪ್ಪೆ. ಇಡೀ ಕಾಳು ಉಳಿದರೆ ಸಕ್ಕರೆ ಪೂರ್ತಿ ಬಿಡುವುದಿಲ್ಲ. ಗೋಧಿ ಮಾಲ್ಟ್ ಚಿಕ್ಕದು, ಗಟ್ಟಿ. ಅದಕ್ಕೆ ಅಂತರ ಕಡಿಮೆ ಮಾಡಿ ಬೇರೆಯಾಗಿ ಬೀಸಿ. ಬೀಸಿದ ಮಾಲ್ಟ್ ತೇವ ಹೀರಿ ಮೆತ್ತಗಾಗುವುದರಿಂದ ಮುಂಚೆಯೇ ಬೀಸಿಡುವುದು ಬೇಡ. ಇನ್ನೊಂದು, ಗಿರಣಿಯ ದೂಳಿನಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾ ಇರುತ್ತವೆ. ಪ್ರಾತ್ಯಕ್ಷಿಕೆಗೆಂದು ಬಿಯರ್ ಹುದುಗಲು ಇಡುವ ಕೋಣೆ ದೂರವಿರಲಿ.

ಇನ್ನು ನೀವು. ದಾಸ್ತಾನಿನಲ್ಲಿ ಹಳೆಯದು ಮೊದಲು ಹೋಗುವಂತೆ ನೋಡಿಕೊಳ್ಳಿ. ಹಾಪ್ಸ್ ಚೀಟಿಯಲ್ಲಿ ಬೆಳೆಯ ವರ್ಷ, ಕಹಿ ಕೊಡುವ ಆಲ್ಫಾ ಆಮ್ಲದ ಪ್ರಮಾಣ ಎರಡೂ ಇರಲೇಬೇಕು. ಶೇ 5 ಆಲ್ಫಾ ಇರುವ 28 ಗ್ರಾಂ ಕೊಡುವ ಕಹಿಯನ್ನು ಶೇ 7ರದ್ದು 20 ಗ್ರಾಮಿನಲ್ಲೇ ಕೊಡುತ್ತದೆ. ಚೀಟಿ ತಪ್ಪಿದರೆ ಬೈಗುಳ ಮಾತ್ರ ಬಿಯರ್ ಮಾಡಿದವನಿಗೆ.

ಪ್ರಶ್ನೆ: ಬಾಟಲಿಯಲ್ಲಿ ನೊರೆಗಟ್ಟಲೆಂದು, ತುಂಬುವಾಗ 20 ಲೀಟರ್ ಬಿಯರಿಗೆ 120 ಗ್ರಾಂ ಸಕ್ಕರೆ ಅಳೆದೇ ಹಾಕಿದ್ದೆ. ಆದರೂ ಮೂರು ಬಾಟಲಿ ಸಿಡಿದವು. ಅಂಗಡಿಯ ಸಕ್ಕರೆಯದೇ ದೋಷವೇ?

ಉತ್ತರ: ಸಕ್ಕರೆಯದಲ್ಲ. 20 ಡಿಗ್ರಿಯಲ್ಲಿ ಹುದುಗಿದ ಬಿಯರಿಗೆ ಆ ಅಳತೆ ಸರಿ. ಲೀಟರಿಗೆ ಸುಮಾರು 2.4 ಲೀಟರ್ ಅನಿಲ ಕರಗುತ್ತದೆ. ಬಹುಶಃ ಹುದುಗು ಮುಗಿಯುವ ಮೊದಲೇ ತುಂಬಿದ್ದೀರಿ. ಹೈಡ್ರೋಮೀಟರಿನಲ್ಲಿ (ದ್ರವದ ಸಾಂದ್ರತೆ ಅಳೆಯುವ ಉಪಕರಣ) 1.010ಕ್ಕೆ ಇಳಿದು ನಿಲ್ಲಬೇಕಾದದ್ದನ್ನು 1.014ರಲ್ಲಿ ತುಂಬಿದರೆ, ಆ ನಾಲ್ಕು ಅಂಶದಿಂದಲೇ ಲೀಟರಿಗೆ ಇನ್ನೂ 2 ಲೀಟರಿನಷ್ಟು ಅನಿಲ ಸೇರುತ್ತದೆ. ಸಾಧಾರಣ ಬಾಟಲಿ ತಾಳುವುದಿಲ್ಲ. ಗುಳ್ಳೆ ನಿಂತದ್ದನ್ನು ನಂಬಬೇಡಿ. ಎರಡು ಮೂರು ದಿನದ ಅಂತರದಲ್ಲಿ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಬೇಕು. ಉಪಕರಣ 20 ಡಿಗ್ರಿಯ ನೀರಿನಲ್ಲಿ 1.000 ತೋರಿಸುತ್ತದೆಯೇ ಎಂದೂ ಪರೀಕ್ಷಿಸಿ.

ಕೆಲವು ಸಿಡಿದು ಕೆಲವು ಸಪ್ಪೆಯಾಗಿದ್ದರೆ ಕಾರಣ ಬೇರೆ, ಸಕ್ಕರೆ ಬೆರೆತಿಲ್ಲ. ಕುದಿಸಿದ ಸಕ್ಕರೆ ನೀರನ್ನು ಬಕೆಟ್ಟಿನ ತಳಕ್ಕೆ ಮೊದಲು ಸುರಿದು, ಅದರ ಮೇಲೆ ಬಿಯರ್ ಇಳಿಸಿ, ಗಾಳಿ ಸೇರದಂತೆ ನಿಧಾನವಾಗಿ ಕದಡಿ. ಉಳಿದ ಬಾಟಲಿಗಳನ್ನು ಮುಟ್ಟುವಾಗ ಕನ್ನಡಕ, ದಪ್ಪ ಕೈಗವಸು ಇರಲಿ. ಫ್ರಿಜ್ಜಿನಲ್ಲಿ ಪೂರ್ತಿ ತಣ್ಣಗಾದ ಮೇಲೆ ಟವಲ್ ಸುತ್ತಿ, ಮುಚ್ಚಳ ತುಸುವೇ ಎತ್ತಿ ಅನಿಲ ಬಿಡಿ.

ಪ್ರಶ್ನೆ: ಬಿಯರಿಗೆ ಔಷಧದ, ಬ್ಯಾಂಡೇಜಿನ ವಾಸನೆ ಬರುತ್ತಿದೆ. ಯಾಕೆ?

ಉತ್ತರ: ಹೆಚ್ಚಾಗಿ ಕ್ಲೋರಿನ್. ನಲ್ಲಿ ನೀರಿನದೋ ಬ್ಲೀಚಿನದೋ ಕ್ಲೋರಿನ್ ಮಾಲ್ಟಿನ ಫೀನಾಲ್‌ಗಳ ಜೊತೆ ಸೇರಿ ಈ ವಾಸನೆ ಹುಟ್ಟುತ್ತದೆ. ಕ್ಲೋರಿನ್ ಬದಲು ಕ್ಲೋರಮೀನ್ (ಕ್ಲೋರಿನ್, ಅಮೋನಿಯಾ ಸೇರಿದ್ದು) ಬಳಸಿದ ನೀರನ್ನು ಕುದಿಸಿದರೂ ಅದು ಸುಲಭಕ್ಕೆ ಹೋಗುವುದಿಲ್ಲ. 20 ಲೀಟರ್ ನೀರಿಗೆ ಕಾಲು ಕ್ಯಾಂಪ್‌ಡೆನ್ ಮಾತ್ರೆ (ಸಲ್ಫೈಟ್ ಮಾತ್ರೆ) ಪುಡಿಮಾಡಿ ಕಲಕಿ. ನಿಮಿಷಗಳಲ್ಲಿ ಕ್ಲೋರಿನ್, ಕ್ಲೋರಮೀನ್ ಎರಡೂ ಹೋಗುತ್ತವೆ. ಪಾತ್ರೆಗಳಿಗೆ ಬ್ಲೀಚ್ ಬಿಟ್ಟು, ತೊಳೆಯುವ ಅಗತ್ಯವಿಲ್ಲದ ಫಾಸ್ಫಾರಿಕ್ ಆಮ್ಲದ ಸ್ಯಾನಿಟೈಸರನ್ನು ಚೀಟಿಯಲ್ಲಿರುವ ಅಳತೆಯಂತೆ ಬಳಸಿ. ಅದರ ನೊರೆಗೆ ಹೆದರಬೇಕಿಲ್ಲ. ಈಗಾಗಲೇ ವಾಸನೆ ಹತ್ತಿದ ಬಿಯರ್ ಇಟ್ಟಷ್ಟೂ ಸರಿಹೋಗುವುದಿಲ್ಲ, ಚೆಲ್ಲಿಬಿಡಿ.