ಉತ್ಪ್ರೇಕ್ಷೆ ಎಂದರೆ ಹೆಚ್ಚಿಸಿ ಹೇಳುವುದೇ?

ಪ್ರಶ್ನೆ: ಯಾರಾದರೂ ಇದ್ದದ್ದಕ್ಕಿಂತ ಹೆಚ್ಚು ಹೇಳಿದರೆ ‘ಉತ್ಪ್ರೇಕ್ಷೆ ಮಾಡಬೇಡಿ’ ಎನ್ನುತ್ತೇವೆ. ಮಗಳ ವ್ಯಾಕರಣ ಪುಸ್ತಕದಲ್ಲಿ ಮಾತ್ರ, ಒಂದು ವಸ್ತುವನ್ನು ಮತ್ತೊಂದಾಗಿ ಕಲ್ಪಿಸುವುದೇ ಉತ್ಪ್ರೇಕ್ಷೆ ಎಂದಿದೆ. ಯಾವುದು ಸರಿ? ಉಪಮೆಯಲ್ಲೂ ಉತ್ಪ್ರೇಕ್ಷೆಯಲ್ಲೂ ‘ಅಂತೆ’ ಬರುವಾಗ ಇವೆರಡನ್ನು ಬೇರೆಮಾಡಿ ಗುರುತಿಸುವುದು ಹೇಗೆ?

ಉತ್ತರ: ಎರಡೂ ಸರಿ. ಆಡುಮಾತಿನಲ್ಲಿ ಈ ಪದಕ್ಕೆ ಬಂದಿರುವ ಅರ್ಥವನ್ನು ಅಲಂಕಾರಶಾಸ್ತ್ರ ಅತಿಶಯೋಕ್ತಿ ಎಂದು ಕರೆಯುತ್ತದೆ. ಲೋಕದ ಎಲ್ಲೆಯನ್ನು ಮೀರಿ ಹೇಳುವುದು ಅತಿಶಯೋಕ್ತಿ ಎಂಬುದು ಸಂಸ್ಕೃತದ ಕಾವ್ಯಶಾಸ್ತ್ರಕಾರ ದಂಡಿ ತನ್ನ ‘ಕಾವ್ಯಾದರ್ಶ’ ಗ್ರಂಥದಲ್ಲಿ ಕೊಡುವ ಲಕ್ಷಣ. ಉತ್ಪ್ರೇಕ್ಷೆಯಲ್ಲಾದರೋ ಅಳತೆ ಹಿಗ್ಗಬೇಕಾದ ಅಗತ್ಯವೇ ಇಲ್ಲ, ಅಲ್ಲಿ ನಡೆಯುವುದು ಊಹೆ.

ಒಂದೇ ನೋಟವನ್ನು ನಾಲ್ಕು ಬಗೆಯಲ್ಲಿ ಹೇಳಿ ನೋಡೋಣ. ‘ಮರದ ಬೇರುಗಳು ಮುದುಕನ ಕೈಯ ನರಗಳಂತೆ ಉಬ್ಬಿದ್ದವು’ ಎಂದರೆ ಉಪಮೆ. ಹೋಲಿಸಲಾಗುತ್ತಿರುವ ಬೇರು ಉಪಮೇಯ, ಯಾವುದಕ್ಕೆ ಹೋಲಿಸಿದೆಯೋ ಆ ನರ ಉಪಮಾನ, ಹೋಲಿಕೆಯನ್ನು ಸೂಚಿಸುವ ‘ಅಂತೆ’ ಉಪಮಾವಾಚಕ, ಎರಡಕ್ಕೂ ಸಮಾನವಾದ ಉಬ್ಬಿರುವಿಕೆ ಸಮಾನಧರ್ಮ. ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ‘ಬೇರೆಂಬ ಕೈಗಳಿಂದ ಮರ ನೆಲವನ್ನು ಹಿಡಿದಿತ್ತು’ ಎಂದಾಗ ಬೇರಿಗೂ ಕೈಗೂ ಇರುವ ಭೇದ ಮರೆಯಾಗಿ ಅದು ರೂಪಕವಾಯಿತು. ಭೇದ ಮರೆಯಾದ ಉಪಮೆಯೇ ರೂಪಕ ಎಂದು ದಂಡಿ ಹೇಳಿರುವುದಕ್ಕಿಂತ ಚಿಕ್ಕದಾಗಿ, ಚೊಕ್ಕವಾಗಿ ಇದನ್ನು ವಿವರಿಸಲು ನನಗಂತೂ ಸಾಧ್ಯವಿಲ್ಲ. ‘ನೆಲ ತನ್ನನ್ನು ಬಿಟ್ಟು ಹೋದೀತೆಂಬ ಭಯದಿಂದಲೋ ಎಂಬಂತೆ ಮರ ಬೇರುಗಳನ್ನು ಚಾಚಿತ್ತು’ ಎಂಬುದು ಉತ್ಪ್ರೇಕ್ಷೆ. ಮರಕ್ಕೆ ಭಯವಿಲ್ಲವೆಂದು ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಆದರೂ ಬೇರು ಚಾಚಿದ್ದಕ್ಕೆ ಅಲ್ಲಿಲ್ಲದ ಕಾರಣವೊಂದನ್ನು ಕವಿ ಊಹಿಸುತ್ತಾನೆ. ‘ಬೇರುಗಳು ಪಾತಾಳಕ್ಕೇ ಇಳಿದಿದ್ದವು’ ಎಂದರೆ ಅತಿಶಯೋಕ್ತಿ.

‘ಅಂತೆ’ಯ ಬಗೆಗಿನ ನಿಮ್ಮ ಸಂದೇಹ ಬಹಳ ಹಳೆಯದು, ಮತ್ತು ಕೇಳಲೇಬೇಕಾದದ್ದು. ‘ಅಂತೆ’ ಎಂಬ ಅರ್ಥವನ್ನೇ ಕೊಡುವ ಸಂಸ್ಕೃತದ ‘ಇವ’ ಎಂಬ ಪದದ ವಿಷಯದಲ್ಲಿ ದಂಡಿಯೇ ಇದನ್ನು ಎತ್ತಿಕೊಂಡು ವಾದಿಸಿದ್ದಾನೆ. ಕತ್ತಲು ಮೈಗೆ ಬಳಿಯುತ್ತಿರುವಂತೆ, ಬಾನು ಕಾಡಿಗೆಯನ್ನು ಮಳೆಗರೆಯುತ್ತಿರುವಂತೆ ಇದೆ ಎಂಬ ಅರ್ಥದ ಪ್ರಸಿದ್ಧ ಪದ್ಯದಲ್ಲಿ ‘ಇವ’ ಇದೆಯೆಂಬ ಒಂದೇ ಕಾರಣಕ್ಕೆ ಕೆಲವರು ಅದನ್ನು ಉಪಮೆ ಎಂದು ಭಾವಿಸಿದ್ದರು. ಅಲ್ಲಿ ‘ಇವ’ ಸೇರಿರುವುದು ‘ಬಳಿಯುತ್ತದೆ’ ಎಂಬ ಕ್ರಿಯಾಪದಕ್ಕೆ, ಕ್ರಿಯಾಪದ ಉಪಮಾನವಾಗಲಾರದು, ಆದ್ದರಿಂದ ಅದು ಉತ್ಪ್ರೇಕ್ಷೆಯೇ ಎಂದು ಅವನು ತೀರ್ಮಾನಿಸುತ್ತಾನೆ. ಕತ್ತಲನ್ನು ಹೋಲಿಸಲು ಅಲ್ಲಿ ಮತ್ತೊಂದು ವಸ್ತುವೇ ಇಲ್ಲ. ಕತ್ತಲು ಮಾಡದ ಕೆಲಸವೊಂದನ್ನು ಅದರ ಮೇಲೆ ಕಲ್ಪಿಸಲಾಗಿದೆ.

ಈ ವಿವೇಚನೆ ಕನ್ನಡಕ್ಕೂ ಒಗ್ಗುತ್ತದೆ. ‘ನರಗಳಂತೆ’ ಎಂಬಲ್ಲಿ ‘ಅಂತೆ’ ನಾಮಪದಕ್ಕೆ ಹತ್ತಿದೆ. ‘ಭಯದಿಂದಲೋ ಎಂಬಂತೆ’ ಎಂಬಲ್ಲಿ ಒಂದು ಇಡೀ ಊಹೆಗೆ ಹತ್ತಿದೆ. ಮಗಳಿಗೆ ಹೇಳಿಕೊಡುವಾಗ ‘ಅಂತೆ ಬಂದರೆ ಉಪಮೆ, ಎಂಬಂತೆ ಬಂದರೆ ಉತ್ಪ್ರೇಕ್ಷೆ’ ಎಂದು ಬಾಯಿಪಾಠ ಮಾಡಿಸಬೇಡಿ. ‘ಇಲ್ಲಿ ಎರಡು ವಸ್ತುಗಳ ಹೋಲಿಕೆಯಿದೆಯೋ, ಇಲ್ಲದ್ದೊಂದರ ಊಹೆಯಿದೆಯೋ’ ಎಂದು ಅವಳನ್ನೇ ಕೇಳಿ. ಕನ್ನಡದಲ್ಲಿ ಈ ಚರ್ಚೆಯನ್ನು ಮುಂದೆ ಓದಬಯಸುವುದಾದರೆ, 9ನೆಯ ಶತಮಾನದ ‘ಕವಿರಾಜಮಾರ್ಗ’ದ ಮೂರನೆಯ ಪರಿಚ್ಛೇದ ಅರ್ಥಾಲಂಕಾರಗಳಿಗೇ, ಅಂದರೆ ಉಪಮೆ, ರೂಪಕಗಳಂತೆ ಅರ್ಥವನ್ನು ಆಧರಿಸಿದ ಅಲಂಕಾರಗಳಿಗೇ, ಮೀಸಲಾಗಿದೆ, ಅದು ದಂಡಿಗೆ ಬಹಳಷ್ಟು ಋಣಿಯಾದ ಗ್ರಂಥ.

ಪ್ರಶ್ನೆ: ‘ವ್ಯಂಗ್ಯ’ ಎಂಬ ಪದಕ್ಕೂ ಹೀಗೆಯೇ ಎರಡು ಅರ್ಥಗಳಿವೆಯೇ?

ಉತ್ತರ: ಇವೆ. ಇಂದು ನಾವು ಚುಚ್ಚುಮಾತಿಗೆ ವ್ಯಂಗ್ಯ ಎನ್ನುತ್ತೇವೆ. ಕಾವ್ಯಮೀಮಾಂಸೆಯಲ್ಲಿ, ಬಾಯಿಬಿಟ್ಟು ಹೇಳದೆ ಹೊಳೆಯಿಸಿದ ಅರ್ಥವೆಲ್ಲವೂ ವ್ಯಂಗ್ಯ. ಅದರಲ್ಲಿ ಚುಚ್ಚು ಇರಲೇಬೇಕೆಂದಿಲ್ಲ. ‘ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆ’ ಎಂಬುದು ಶಾಸ್ತ್ರಕಾರರು ಮತ್ತೆ ಮತ್ತೆ ಕೊಡುವ ಉದಾಹರಣೆ. ನೀರಿನ ಮೇಲೆ ಹಟ್ಟಿ ನಿಲ್ಲದು, ಆದ್ದರಿಂದ ‘ಗಂಗೆಯ ದಡದಲ್ಲಿ’ ಎಂದು ತಿಳಿಯುತ್ತೇವೆ. ಪದದ ನೇರ ಅರ್ಥ ಹೊಂದದಿದ್ದಾಗ ಹೀಗೆ ತೆಗೆದುಕೊಳ್ಳುವ ಸಂಬಂಧಪಟ್ಟ ಅರ್ಥವೇ ಲಕ್ಷ್ಯಾರ್ಥ. ಹಾಗಿದ್ದರೆ ‘ದಡದಲ್ಲಿ’ ಎಂದೇ ಏಕೆ ಹೇಳಲಿಲ್ಲ? ಗಂಗೆಯ ತಂಪೂ ಪಾವಿತ್ರ್ಯವೂ ಆ ಹಟ್ಟಿಗೆ ಇದೆಯೆಂದು ತೋರಿಸಬೇಕಾಗಿತ್ತು. ಆ ತಂಪು, ಆ ಪಾವಿತ್ರ್ಯವೇ ಅಲ್ಲಿನ ವ್ಯಂಗ್ಯಾರ್ಥ.